ಹುಕರ್ ಹೆಸರೇ ಇಲ್ಲವಲ್ಲ!

ಸಂಪಾದಕರೇ,

ಮೊನ್ನೆ ಡಾರ್ವಿನ್ ಬಗ್ಗೆ ಬಂದ ಲೇಖನ ಚೆನ್ನಾಗಿತ್ತು, ಆದರೆ ಜೋಸೆಫ್ ಹುಕರ್ ಹೆಸರೇ ಇರಲಿಲ್ಲ. 1844ರ ಜನವರಿಯಲ್ಲಿ ಡಾರ್ವಿನ್ ಈ ಸಸ್ಯವಿಜ್ಞಾನಿಗೇ ಅಲ್ವಾ, ಜೀವಜಾತಿಗಳು ಬದಲಾಗದೆ ಇರುವಂಥವಲ್ಲ ಅನಿಸುತ್ತಿದೆ ಎಂದು ಬರೆದು, ಕಂಸದೊಳಗೆ 'ಕೊಲೆ ಒಪ್ಪಿಕೊಂಡ ಹಾಗಿದೆ' ಎಂದು ಸೇರಿಸಿದ್ದು? ಆಗ ಪತ್ರ ವ್ಯವಹಾರ ಶುರುವಾಗಿ ಎರಡು ತಿಂಗಳೂ ಸರಿಯಾಗಿ ಆಗಿರಲಿಲ್ಲ. ಮುಂದೆ ಇಬ್ಬರ ನಡುವೆ ಸುಮಾರು 1,400 ಪತ್ರಗಳು ಓಡಾಡಿದವು. ಬೀಜ ಉಪ್ಪುನೀರಿನಲ್ಲಿ ಎಷ್ಟು ದಿನ ಬದುಕುತ್ತದೆ ಅನ್ನುವುದರಿಂದ ಹಿಡಿದು ಮನೆಯ ಕಾಯಿಲೆ ಕಸಾಲೆವರೆಗೆ ಎಲ್ಲವೂ ಅದರಲ್ಲಿದೆ. 1863ರಲ್ಲಿ ಆರು ವರ್ಷದ ಮಗಳು ತೀರಿಕೊಂಡ ಒಂದು ಗಂಟೆಯಲ್ಲಿ ಹುಕರ್ ಕಾಗದ ಬರೆದದ್ದು ಡಾರ್ವಿನ್‌ಗೆ. ಅವರೂ ಮಗಳನ್ನು ಕಳೆದುಕೊಂಡವರೇ. ಬರೀ ಸಿದ್ಧಾಂತ ಹೇಳಿದರೆ ಈ ಗೆಳೆತನ ಗೊತ್ತಾಗುವುದಿಲ್ಲ. ಹುಕರ್ ಬಗ್ಗೆಯೂ ಒಂದು ಲೇಖನ ಹಾಕಿ.

— ಒಬ್ಬ ಓದುಗ, ಮೈಸೂರು