ಆ ಸಂಜೆಯ ಗ್ರಂಥಪಾಲಕಿಗೆ

ತರಗತಿ ಆರಂಭಕ್ಕೆ ಎರಡೇ ದಿನ ಉಳಿದಿತ್ತು. ಪಾಠಕ್ಕೆ ನೆಚ್ಚಿಕೊಂಡಿದ್ದ ಸಂಖ್ಯಾಶಾಸ್ತ್ರದ ಪುಸ್ತಕದ ಬೆಲೆ ಅರ್ಧದಷ್ಟು ವಿದ್ಯಾರ್ಥಿಗಳ ಕೈಗೆ ಎಟುಕುವಂತಿರಲಿಲ್ಲ. ಗ್ರಂಥಾಲಯ ಮುಚ್ಚುವ ಹೊತ್ತಿಗೆ ಹೋಗಿ ನಿಂತೆ. ಗ್ರಂಥಪಾಲಕಿ ಗಡಿಯಾರ ನೋಡಲಿಲ್ಲ. ಪಕ್ಕದ ಕುರ್ಚಿ ಎಳೆದು ಕೂರಿಸಿದರು.

ಓಪನ್‌ಸ್ಟ್ಯಾಕ್ಸ್ ಸೇರಿದಂತೆ ಮುಕ್ತ ಪಠ್ಯಪುಸ್ತಕಗಳ ತಾಣಗಳನ್ನು ಒಂದೊಂದಾಗಿ ತೆರೆದರು. ಮೊದಲು ಕಂಡ ಪುಸ್ತಕವನ್ನೇ ಅನುವಾದಿಸಿ, ಅಧ್ಯಾಯಗಳ ಕ್ರಮ ಬದಲಿಸಿ ಕೊಡುತ್ತೇನೆ ಎಂದೆ. ಅವರು ಅದರ ಕ್ರಿಯೇಟಿವ್ ಕಾಮನ್ಸ್ ಗುರುತಿನಲ್ಲಿದ್ದ, ಎಂದರೆ ಕೃತಿಯನ್ನು ಹೇಗೆ ಬಳಸಬಹುದೆಂದು ಹೇಳುವ ಪರವಾನಗಿಯ ಗುರುತಿನಲ್ಲಿದ್ದ, ‘ಎನ್‌ಡಿ’ ಎಂಬ ಅಕ್ಷರಗಳ ಮೇಲೆ ಬೆರಳಿಟ್ಟರು. “ಇದನ್ನು ಹಾಗೆಯೇ ಹಂಚಬಹುದು, ಬದಲಿಸಿ ಹಂಚುವಂತಿಲ್ಲ. ಅನುವಾದವೂ ಬದಲಾವಣೆಯೇ.” ಉಚಿತವಾದುದೆಲ್ಲ ಮುಕ್ತವೂ, ಎಂದರೆ ತಿದ್ದಿ ಹಂಚಬಹುದಾದುದೂ, ಹೌದೆಂದು ನಾನು ಅಲ್ಲಿಯವರೆಗೆ ನಂಬಿದ್ದೆ. ಅವರು ಬೇಸರಿಸದೆ ಮತ್ತೆ ಹುಡುಕಿ, ತಿದ್ದಿ ಬಳಸಲು ಅನುಮತಿಯಿರುವ ‘ಸಿಸಿ ಬಿವೈ’ ಪರವಾನಗಿಯ ಪುಸ್ತಕವೊಂದನ್ನು ತೆಗೆದುಕೊಟ್ಟರು. ಜೊತೆಗೆ ಒಂದು ಚೀಟಿಯಲ್ಲಿ, ನಾನು ತಪ್ಪದೆ ನಮೂದಿಸಬೇಕಾದುದನ್ನು ದುಂಡಗೆ ಬರೆದರು: ಶೀರ್ಷಿಕೆ, ಕೃತಿಕಾರರು, ಮೂಲ, ಪರವಾನಗಿ, ನಾನು ಮಾಡಿದ ಬದಲಾವಣೆ.

ದೀಪಗಳು ಒಂದೊಂದಾಗಿ ಆರುತ್ತಿದ್ದವು. ಎದೆಯ ಭಾರ ಇಳಿದಿತ್ತು.

ಮೊದಲ ದಿನವೇ ಎಲ್ಲರ ಬಳಿಯೂ ಪುಸ್ತಕವಿತ್ತು. ಆ ಚೀಟಿ ಇಂದಿಗೂ ನನ್ನ ಮೇಜಿನ ಮೇಲಿದೆ. ಅವಸರದಲ್ಲಿ ನಿಮ್ಮ ಹೆಸರನ್ನೂ ಕೇಳದೆ ಬಂದೆ, ಮೇಡಂ. ಧನ್ಯವಾದಗಳು.