ಚೀಲದ ಬಾಯಿ ಬಿಚ್ಚಿಡು ಮಗಳೇ

ವಿದ್ಯಾನಗರ, ಹುಬ್ಬಳ್ಳಿ

ಚಿ. ಮಗಳಿಗೆ ಕಾಕಾನ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಆರಾಮ ಇದ್ದೇವೆ. ಗದಗಿನಲ್ಲಿ ಅಣ್ಣ, ವೈನಿ ಕೂಡ ಆರಾಮ ಇದ್ದಾರೆ ಅಂದುಕೊಂಡಿದ್ದೇನೆ.

ಪಂಚಮಿಗೆ ಬಂದಾಗ ಜೋಕಾಲಿ ಹತ್ತಿರ ನಿಂತು ನೀನು ಹೇಳಿದ ಮಾತು ಇನ್ನೂ ನನ್ನ ತಲೆಯಿಂದ ಹೋಗಿಲ್ಲ. "ಕೆಲಸಕ್ಕೆ 115 ಕಡೆ ಅರ್ಜಿ ಹಾಕಿದೆ ಕಾಕಾ, ಒಬ್ಬರೂ ಹೊಳ್ಳಿ ನೋಡಲಿಲ್ಲ" ಅಂದೆ. ಮನೆ ತುಂಬ ಮಂದಿ ಇದ್ದರು, ಆಗ ನಾನು ಸುಮ್ಮನಾದೆ. ಫೋನಿನಲ್ಲಿ ಹೇಳಿದರೆ ಅರ್ಧ ಮರೆಯುತ್ತೀ. ಅದಕ್ಕೇ ಈ ಪತ್ರ.

ಅವತ್ತು ರಾತ್ರಿ ನೀನು ಲ್ಯಾಪ್‌ಟಾಪ್ ಹಿಡಿದು ಕೂತಿದ್ದೆ, ನಾನು ಹಿಂದೆ ಕುರ್ಚಿ ಹಾಕಿಕೊಂಡು ನೋಡುತ್ತಿದ್ದೆ. ಬೆಟಗೇರಿಯ ಸೀರೆ ಅಂಗಡಿಗೆ ಮಾಡುತ್ತಿದ್ದ ಬಿಲ್ ಪ್ರೋಗ್ರಾಮ್ ಅದು. ಗಿರಾಕಿಯ ಹೆಸರು ಪರದೆಯ ಮೇಲೆ ಸರಿಯಾಗಿತ್ತು. ಪಿಡಿಎಫ್‌ನಲ್ಲಿ ಮಾತ್ರ ಒತ್ತಕ್ಷರ ಕಳಚಿ 'ಬಸಮ್ಮ' ಹೋಗಿ 'ಬಸಮ್‌ಮ' ಆಗಿತ್ತು. ಮೊದಲು ನೀನು ಫಾಂಟ್ ಬದಲಿಸಿ ನೋಡಿದೆ, ಆಗಲಿಲ್ಲ. ಮತ್ತೊಂದು ಫಾಂಟ್, ಅದೂ ಅಷ್ಟೇ. ತಪ್ಪು ಫಾಂಟಿನದಲ್ಲ, ಪಿಡಿಎಫ್ ಮಾಡಿಕೊಡುವ ಆ ಲೈಬ್ರರಿಗೆ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡಿಗೆ, ಕನ್ನಡದ ಅಕ್ಷರ ಜೋಡಿಸುವುದೇ ಬರುವುದಿಲ್ಲ ಅಂತ ನಿನಗೇ ಹೊಳೆಯಿತು. ಬಿಲ್ಲನ್ನು ವೆಬ್ ಪುಟ ಮಾಡಿ, ಬ್ರೌಸರ್‌ನಿಂದಲೇ ಪಿಡಿಎಫ್ ತೆಗೆದೆ. ಹೆಸರು ನೆಟ್ಟಗೆ ಬಂತು. ನನಗೆ ಎಷ್ಟು ಹೆಮ್ಮೆ ಆಯಿತು ಗೊತ್ತಾ?

ಆಮೇಲೆ ನೀನು ಇಪ್ಪತ್ತೂ ಟ್ಯಾಬನ್ನು ಒಂದೇ ಏಟಿಗೆ ಮುಚ್ಚಿ ಮಲಗಿಬಿಟ್ಟೆ. ಎರಡು ಗಂಟೆ ತಲೆ ಕೆಡಿಸಿಕೊಂಡು ಕಂಡುಕೊಂಡದ್ದರ ಒಂದು ಗುರುತೂ ಎಲ್ಲೂ ಉಳಿಯಲಿಲ್ಲ. ಅದು ನನ್ನ ಮನಸ್ಸಿಗೆ ಬಹಳ ಹತ್ತಿತು.

ನಿಮ್ಮ ಅಜ್ಜ ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಒಯ್ಯುವಾಗ ಚಿಕ್ಕವನಿದ್ದ ನಾನೂ ಜೊತೆಗೆ ಹೋಗುತ್ತಿದ್ದೆ. ಸಾಲಿಗೆ ಚೀಲ ಇಟ್ಟ ಕೂಡಲೇ ಅಜ್ಜ ಬಾಯಿ ಬಿಚ್ಚುತ್ತಿದ್ದರು. ಖರೀದಿಗೆ ಬಂದವರು ಕೈ ಹಾಕಿ, ಬಣ್ಣ ನೋಡಿ, ಕಾಯಿ ಮುರಿದು ಮೂಸಿ ಆಮೇಲೆ ದರ ಬರೆಯುತ್ತಿದ್ದರು. ಬಾಯಿ ಹೊಲಿದ ಚೀಲಕ್ಕೆ ಯಾರು ದರ ಕಟ್ಟುತ್ತಾರೆ? ನೀನು ಕಳಿಸಿದ 115 ಅರ್ಜಿಯೂ ಬಾಯಿ ಹೊಲಿದ ಚೀಲವೇ ಮಗಳೇ. ಒಳಗಿನ ಮಾಲು ಒಳ್ಳೆಯದೇ ಇದೆ, ಆದರೆ ಅವರಿಗೆ ಕಾಣುವುದಿಲ್ಲ.

ನನ್ನದೇ ಒಂದು ಸಂಗತಿ ಹೇಳುತ್ತೇನೆ. 2014ರಲ್ಲಿ ಒಂದು ಶಾಲೆಗೆ ಅಂಕಪಟ್ಟಿಯ ಕೆಲಸ ಮಾಡುತ್ತಿದ್ದೆ. 'ರ‍್ಯಾಂಕ್' ಅಂತ ಟೈಪ್ ಮಾಡಿದರೆ ಅಚ್ಚಿನಲ್ಲಿ ಅರ್ಕಾವತ್ತು ಹತ್ತಿ 'ರ್ಯಾಂಕ್' ಬರುತ್ತಿತ್ತು. ಮೂರು ದಿನ ಹುಡುಕಿದೆ. ರ ಮತ್ತು ಯ ಒತ್ತು ಬಿಡಿಯಾಗಿ ನಿಲ್ಲಬೇಕಾದರೆ ನಡುವೆ ಝೀರೋ ವಿಡ್ತ್ ಜಾಯ್ನರ್ ಎಂಬ ಕಣ್ಣಿಗೆ ಕಾಣದ ಒಂದು ಅಕ್ಷರ ಇರಬೇಕು. ನಾನು ಬಳಸುತ್ತಿದ್ದ ಲೈಬ್ರರಿ ಅದನ್ನು ಕಸ ಅಂತ ತಿಳಿದು ಗುಡಿಸಿ ಹಾಕುತ್ತಿತ್ತು. ನನ್ನ ಕೋಡಿನಲ್ಲಿ ಹೇಗೋ ತೇಪೆ ಹಚ್ಚಿ ಮುಗಿಸಬಹುದಿತ್ತು. ಯಾಕೋ ಮನಸ್ಸು ಒಪ್ಪಲಿಲ್ಲ. ಐದು ಸಾಲಿನ ಉದಾಹರಣೆ, ಎರಡು ಚಿತ್ರ, ಬಂದದ್ದೇನು, ಬರಬೇಕಾದದ್ದೇನು, ಇಷ್ಟನ್ನೇ ನನಗೆ ಬರುವ ಇಂಗ್ಲಿಷಿನಲ್ಲಿ ಬರೆದು ಕೋಡನ್ನು ಎಲ್ಲರಿಗೂ ಕಾಣುವಂತೆ ಇಡುವ ಗಿಟ್‌ಹಬ್ ತಾಣದಲ್ಲಿ ಆ ಲೈಬ್ರರಿಯವರಿಗೆ ತಿಳಿಸಿದೆ. ತಿದ್ದುಪಡಿಯನ್ನೂ ಕಳಿಸಿದೆ. ಅದರ ಅಕ್ಕನಂಥ ಇನ್ನೊಂದು ಕಾಣದ ಅಕ್ಷರ ಹೋಗಿ ಪರ್ಶಿಯನ್ ಬರೆಯುವವರಿಗೂ ಅದೇ ಕಾಟ ಆಗುತ್ತಿತ್ತಂತೆ. ಎರಡೂ ಒಟ್ಟಿಗೆ ಸರಿಯಾದವು.

ಎಂಟು ತಿಂಗಳ ಮೇಲೆ ಪರದೇಶದಿಂದ ಒಂದು ಮೇಲ್ ಬಂತು. ಅಚ್ಚಿನ ತಂತ್ರಾಂಶ ಮಾಡುವವರು. ಭಾರತದ ಲಿಪಿ ಗೊತ್ತಿರುವವರನ್ನು ಹುಡುಕುತ್ತ ನನ್ನ ಆ ಬರಹಕ್ಕೆ ಬಂದು ಮುಟ್ಟಿದ್ದರು. ಮೇಲ್ ಸ್ಪ್ಯಾಮ್‌ನಲ್ಲಿ ಹನ್ನೊಂದು ದಿನ ಬಿದ್ದಿತ್ತು. ಇದೇ ಮನೆಯಲ್ಲಿ ಕೂತು ಮೂರು ವರ್ಷ ಅವರ ಕೆಲಸ ಮಾಡಿದೆ. ನಾನು ಅವರಿಗೆ ಅರ್ಜಿಯನ್ನೇ ಹಾಕಿರಲಿಲ್ಲ.

ಎಲ್ಲರಿಗೂ ಹೀಗೇ ಆಗುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಹುಡುಕುತ್ತ ಬಂದವರ ಕಣ್ಣಿಗೆ ಬೀಳುವ ಜಾಗದಲ್ಲಿ ನಿನ್ನ ಕೆಲಸ ಇರಬೇಕು. 1991ರ ಆಗಸ್ಟ್ 25ರಂದು ಹೆಲ್ಸಿಂಕಿಯಲ್ಲಿ ಓದುತ್ತಿದ್ದ 21ರ ಹುಡುಗ ಲಿನಸ್ ಟೊರ್ವಾಲ್ಡ್ಸ್, ಹವ್ಯಾಸಕ್ಕೆ ಒಂದು ಆಪರೇಟಿಂಗ್ ಸಿಸ್ಟಮ್, ಅಂದರೆ ಕಂಪ್ಯೂಟರ್ ನಡೆಸುವ ಮೂಲ ತಂತ್ರಾಂಶ, ಮಾಡುತ್ತಿದ್ದೇನೆ ಅಂತ ಆನ್‌ಲೈನ್ ಚರ್ಚಾಗುಂಪಿನಲ್ಲಿ ಎಲ್ಲರೆದುರು ಬರೆದ. ಲಿನಕ್ಸ್ ಎಂಬ ಆ ಸಿಸ್ಟಮ್ ಲೋಕಕ್ಕೆ ಗೊತ್ತಾದದ್ದು ಹಾಗೆ. ಪೂರ್ತಿ ಮುಗಿಯಲಿ, ಆಮೇಲೆ ತೋರಿಸೋಣ ಅಂತ ಅವನು ಕಾಯಲಿಲ್ಲ.

ಇನ್ನು ದಿನದ ರೂಢಿಯ ಮಾತು. ಕೆಂಪು ಅಕ್ಷರದ ಎರರ್ ಬಂದರೆ ಕೊನೆಯ ಸಾಲನ್ನಷ್ಟೇ ಕಾಪಿ ಮಾಡಿ ಓಡಬೇಡ. ಮೇಲಿನಿಂದ ಪೂರ್ತಿ ಓದು. ಎಷ್ಟೋ ಸಲ ಉತ್ತರ ಅಲ್ಲೇ ಇರುತ್ತದೆ. ಟ್ಯಾಬ್ ಮುಚ್ಚುವ ಮೊದಲು ನಾಲ್ಕು ಸಾಲು ಬರೆದಿಡು: ಏನು ಕೆಟ್ಟಿತ್ತು, ಯಾಕೆ, ಹೇಗೆ ಸರಿಹೋಯಿತು. ಎಐ ಕೊಟ್ಟ ಉತ್ತರವಾದರೂ ಯಾಕೆ ಸರಿ ಅಂತ ತಿಳಿಯದೆ ಅಂಟಿಸಬೇಡ. ನಾಳೆ ಯಾರಾದರೂ ಕೇಳಿದರೆ ಉತ್ತರ ಹೇಳಬೇಕಾದವಳು ನೀನು.

ಮತ್ತೊಂದು ಕಂಡೆ. ಕೋಡಿನ ಬದಲಾವಣೆಗಳ ಲೆಕ್ಕ ಇಡುವ ನಿನ್ನ ಗಿಟ್‌ನಲ್ಲಿ ಇನ್ನೂ ಕಾಲೇಜಿನ ಮೇಲ್ ವಿಳಾಸ ಇದೆ. ಪ್ರತಿ ಕಮಿಟ್‌ನಲ್ಲೂ, ಅಂದರೆ ಉಳಿಸಿದ ಪ್ರತಿ ಬದಲಾವಣೆಯಲ್ಲೂ, ಹೆಸರು, ಮೇಲ್ ಕೂತುಬಿಡುತ್ತವೆ. ಆ ವಿಳಾಸ ನಾಳೆ ಮುಚ್ಚಿದರೆ ನಿನ್ನನ್ನು ಹುಡುಕಿ ಬಂದವರ ಪತ್ರ ಎಲ್ಲಿಗೆ ಹೋಗಬೇಕು? ಇವತ್ತೇ ಸ್ವಂತದ್ದು ಹಾಕು. ವಾರಕ್ಕೊಮ್ಮೆ ಸ್ಪ್ಯಾಮ್ ನೋಡು. ಪಾಸ್‌ವರ್ಡ್ ಇರುವ ಫೈಲ್ ಅಪ್ಪಿತಪ್ಪಿಯೂ ಪುಷ್ ಮಾಡಿ ಗಿಟ್‌ಹಬ್‌ಗೆ ಏರಿಸಬೇಡ. ಆಮೇಲೆ ಅಳಿಸಿದರೂ ಹಳೆಯ ಕಮಿಟ್‌ನಲ್ಲಿ ಉಳಿದಿರುತ್ತದೆ. ಹಾಗೇನಾದರೂ ಆದರೆ ಮೊದಲು ಪಾಸ್‌ವರ್ಡ್ ಬದಲಿಸು.

ಬಾಗಿಲು ತೆರೆದಿಟ್ಟರೆ ಕಳ್ಳರೂ ಬರುತ್ತಾರೆ, ಅದನ್ನೂ ಹೇಳಬೇಕು. ಕೆಲಸ ಕೊಡುತ್ತೇವೆ, ಡಿಪಾಸಿಟ್ ಕಟ್ಟು ಅಂದರೆ ಅಲ್ಲಿಗೇ ಬಿಡು. ಈಗ ಇನ್ನೊಂದು ಶುರುವಾಗಿದೆ. ಸಂದರ್ಶನದ ಪರೀಕ್ಷೆ ಅಂತ ಒಂದು ಪ್ರಾಜೆಕ್ಟ್ ಕಳಿಸಿ, ನಿನ್ನ ಲ್ಯಾಪ್‌ಟಾಪ್‌ನಲ್ಲಿ ಓಡಿಸು ಅನ್ನುತ್ತಾರೆ. ಓಡಿಸಿದರೆ ಒಳಗಿನ ಪಾಸ್‌ವರ್ಡ್ ಎಲ್ಲ ದೋಚುತ್ತದೆ. ಗುರುತಿಲ್ಲದವರ ಕೋಡನ್ನು ನನಗೆ ತೋರಿಸದೆ ಓಡಿಸಬೇಡ.

ಗೂಗಲ್ ಸಮ್ಮರ್ ಆಫ್ ಕೋಡ್, ಅಂದರೆ ಓಪನ್ ಸೋರ್ಸ್ (ಯಾರು ಬೇಕಾದರೂ ನೋಡಿ ತಿದ್ದಬಹುದಾದ ಕೋಡ್) ಕೆಲಸಕ್ಕೆ ಹೊಸಬರನ್ನು ಸೇರಿಸುವ ಗೂಗಲ್‌ನ ಕಾರ್ಯಕ್ರಮ, ವಿದ್ಯಾರ್ಥಿಗಳಿಗೆ ಮಾತ್ರ ಅಂತ ನೀನು ಕೈಬಿಟ್ಟಿದ್ದೆ, ಅಲ್ವಾ? 2022ರಿಂದ ಹಾಗಿಲ್ಲ. 18 ತುಂಬಿದ, ಓಪನ್ ಸೋರ್ಸ್‌ಗೆ ಹೊಸಬರಾದ ಬೇರೆಯವರೂ ಸೇರಬಹುದು. ಆಯ್ಕೆಯ ಹೊತ್ತಿಗೆ ಓಡಾಡುವುದಕ್ಕಿಂತ ಈಗಲೇ ಒಂದು ಸಣ್ಣ ಪ್ರಾಜೆಕ್ಟ್ ಹಿಡಿದು, ಅದರ ಮಂದಿಯ ಪರಿಚಯ ಮಾಡಿಕೋ.

ಮೊದಲ ಕೆಲಸ ಆ ಪಿಡಿಎಫ್‌ದು. ಈ ಭಾನುವಾರ ಕೂತು ಒಂದು ಪುಟ ಬರೆ. ಯಾವ ಲೈಬ್ರರಿ, ಯಾವ ಆವೃತ್ತಿ, ಒತ್ತಕ್ಷರ ಹೇಗೆ ಒಡೆಯಿತು, ಬ್ರೌಸರ್‌ನಿಂದ ಹೇಗೆ ಸರಿಯಾಯಿತು, ಎಲ್ಲ ಇರಲಿ. ಗಿರಾಕಿಯ ನಿಜ ಹೆಸರು, ಫೋನ್ ನಂಬರ್ ತೆಗೆದು ಬೇರೆ ಹಾಕು. ಕನ್ನಡದಲ್ಲೂ ಬರೆ, ಇಂಗ್ಲಿಷಿನಲ್ಲೂ ಬರೆ. ಕೋಡಿನ ಜೊತೆಗೆ ರೀಡ್‌ಮಿ ಎಂಬ ಪರಿಚಯದ ಫೈಲಿನಲ್ಲಿ ಇಟ್ಟು ನನಗೆ ಲಿಂಕ್ ಕಳಿಸು. ರಾತ್ರಿ ಎಷ್ಟೇ ಹೊತ್ತಾದರೂ ಓದಿ, ತಿದ್ದುವುದಿದ್ದರೆ ಫೋನ್ ಮಾಡುತ್ತೇನೆ.

ಕಾಕು ನಿನಗೆ ಅಂತ ಶೇಂಗಾ ಉಂಡಿ ತೆಗೆದಿಟ್ಟಿದ್ದಾಳೆ. ಹುಬ್ಬಳ್ಳಿಗೆ ಬರುವವರು ಯಾರಾದರೂ ಇದ್ದರೆ ತಿಳಿಸು, ಕೊಟ್ಟು ಕಳಿಸುತ್ತೇವೆ.

ನಿನ್ನ ಕಾಕಾ