ರೈಲು ಬಿಟ್ಟುಹೋದ ದಾರಿಯಲ್ಲಿ ಸೈಕಲ್ಲು

ಬರ್ಮಿಂಗ್‌ಹ್ಯಾಮ್

ತೀರ್ಥರೂಪು ಅಪ್ಪನವರ ಪಾದಗಳಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾವಿಲ್ಲಿ ಕ್ಷೇಮ. ನೀವು, ಅಮ್ಮ, ಅಣ್ಣ, ಅತ್ತಿಗೆ, ಮಕ್ಕಳು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ.

ಮಗಳಿಗೆ ಕೊಡಿಸಿದ ಸೈಕಲ್ಲು ಕೊಟ್ಟಿಗೆಯಲ್ಲೇ ನಿಂತಿದೆ, ಕ್ರಷರಿನ ಟಿಪ್ಪರುಗಳು ಓಡಾಡುವ ರಸ್ತೆಗೆ ಅವಳನ್ನು ಹೇಗೆ ಕಳಿಸಲಿ ಎಂದು ಅಣ್ಣ ಫೋನಿನಲ್ಲಿ ಹೇಳಿದ. ಶಾಲೆ ಇರುವುದು ಕೆರೆಯಾಚೆ. ಅಷ್ಟು ಹತ್ತಿರದ ಶಾಲೆಗೆ ಮಗು ಆಟೋದಲ್ಲಿ ಹೋಗಬೇಕಾಗಿದೆ ಎಂಬ ಮಾತು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ಇತ್ತೀಚೆಗೆ ನಾವು ಸೈಕಲ್ಲಿನಲ್ಲಿ ಹೋಗಿಬಂದ ಒಂದು ದಾರಿಯ ವಿಷಯವನ್ನು ಅದಕ್ಕಾಗಿಯೇ ವಿವರವಾಗಿ ಬರೆಯುತ್ತಿದ್ದೇನೆ. ಲೋಕೋಪಯೋಗಿ ಇಲಾಖೆಯಲ್ಲಿ ವರ್ಕ್ ಇನ್ಸ್‌ಪೆಕ್ಟರಾಗಿ ಜೀವನವಿಡೀ ರಸ್ತೆ ಮಾಡಿಸಿದ ನಿಮಗೆ ಅದರ ಮರ್ಮ ಬೇಗ ತಿಳಿಯುತ್ತದೆ.

ನಾವಿರುವ ಊರಿನಿಂದ ಪಶ್ಚಿಮಕ್ಕೆ, ವೇಲ್ಸ್ ನಾಡಿನ ನಡುಭಾಗದಲ್ಲಿ, ಎಲಾನ್ ಎಂಬ ಕಣಿವೆಯಿದೆ. ಸುತ್ತಲೂ ಮರಗಳಿಲ್ಲದ, ಹುಲ್ಲು ಮುಚ್ಚಿದ ಗುಡ್ಡಗಳು. ಅವುಗಳ ನಡುವೆ ಒಂದರ ಮೇಲೊಂದು ಮೆಟ್ಟಿಲಿನಂತೆ ಕಟ್ಟಿದ ಅಣೆಕಟ್ಟುಗಳು ಮತ್ತು ಅವು ಹಿಡಿದಿಟ್ಟ ಉದ್ದುದ್ದ ಕೆರೆಗಳು. ರೇಯಡರ್ ಎಂಬ ಸಣ್ಣ ಪೇಟೆಯ ಅಂಚಿನಲ್ಲಿ ಹೊರಡುವ ಸೈಕಲ್ ದಾರಿಯು ಸುಮಾರು 14 ಕಿ.ಮೀ. ಸಾಗಿ, ಎಲ್ಲಕ್ಕಿಂತ ಮೇಲಿರುವ ಕ್ರೇಗ್ ಗಾಕ್ ಅಣೆಕಟ್ಟನ್ನು ತಲುಪುತ್ತದೆ. ಕಾರು, ಲಾರಿ, ಬೈಕುಗಳಿಗೆ ಅದರಲ್ಲಿ ಪ್ರವೇಶವಿಲ್ಲ. ಅಲ್ಲಲ್ಲಿ ಮೋಟಾರು ರಸ್ತೆಯೊಂದನ್ನು ದಾಟಬೇಕಾಗುವುದನ್ನು ಬಿಟ್ಟರೆ, ಉದ್ದಕ್ಕೂ ಕೇಳುವುದು ಚಕ್ರದಡಿಯ ಜಲ್ಲಿಯ ಸದ್ದು, ಕುರಿಗಳ ಕೂಗು, ನೀರಿನ ಸದ್ದು ಮಾತ್ರ. ಇಂಗ್ಲೆಂಡಿನಲ್ಲಿ ಪೂರ್ತಿ ಅಳಿದುಹೋದಾಗಲೂ ವೇಲ್ಸಿನ ಈ ಭಾಗದಲ್ಲಿ ಉಳಿದುಕೊಂಡಿದ್ದ ಕೆಂಪು ಹದ್ದುಗಳು ಈಗಲೂ ತಲೆಯ ಮೇಲೆ ಸುತ್ತುತ್ತಿರುತ್ತವೆ.

ಇದು ಸೈಕಲ್ಲಿಗೆಂದೇ ಮಾಡಿದ ದಾರಿಯಲ್ಲ, ಅಪ್ಪ. ಬರ್ಮಿಂಗ್‌ಹ್ಯಾಮಿಗೆ ಕುಡಿಯುವ ನೀರು ತರಲು 1892ರಲ್ಲಿ ಕಾಯಿದೆ ಮಾಡಿ, ಮರುವರ್ಷವೇ ಇಲ್ಲಿ ಕೆಲಸ ಆರಂಭಿಸಿದರು. ಕಲ್ಲು, ಸಿಮೆಂಟು, ಕೂಲಿಗಳನ್ನು ಕಣಿವೆಯೊಳಕ್ಕೆ ಸಾಗಿಸಲು ನಗರಸಭೆಯೇ ಒಂದು ರೈಲು ಹಾಕಿತು. 1904ರ ಜುಲೈ 21ರಂದು ದೊರೆ ಏಳನೆಯ ಎಡ್ವರ್ಡ್ ಬಂದು ಉದ್ಘಾಟನೆ ಮಾಡಿದ. ಕೆಲಸ ಮುಗಿದ ಮೇಲೆ ಹಳಿಗಳನ್ನು ಕಿತ್ತರು, ಹಳಿ ಮಲಗಿದ್ದ ನೆಲ ಉಳಿಯಿತು. ಉಗಿಬಂಡಿಗೆ ಕಡಿದಾದ ಏರು ಆಗದು. ಆದ್ದರಿಂದ ಅಂದಿನ ಇಂಜಿನಿಯರುಗಳು ಬೆಟ್ಟದ ಮೈಯನ್ನು ಬಳಸಿ, ಅಡ್ಡ ಬಂದ ಬಂಡೆಯನ್ನು ಸೀಳಿ ದಾರಿ ಮಾಡಿದ್ದರು. ನಿಮ್ಮ ಚಿಕ್ಕಂದಿನಲ್ಲಿ ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟ, ಚಿಂತಾಮಣಿ, ಕೋಲಾರ ಹಾದು ಬಂಗಾರಪೇಟೆಗೆ ಹೋಗುತ್ತಿದ್ದ ಸಣ್ಣ ಹಳಿಯ ರೈಲು ಗುಡ್ಡಗಳನ್ನು ಹೇಗೆ ಬಳಸಿ ಹೋಗುತ್ತಿತ್ತೆಂದು ನೀವು ಹೇಳುತ್ತಿದ್ದಿರಲ್ಲ, ಇಲ್ಲಿಯೂ ಅದೇ ರೀತಿ. ಅಂದು ಇಂಜಿನ್ನಿಗಾಗಿ ತಗ್ಗಿಸಿದ ಏರು ಇಂದು ಹತ್ತು ವರ್ಷದ ಮಕ್ಕಳ ಕಾಲಿಗೂ, ಎಪ್ಪತ್ತು ದಾಟಿದವರ ಮೊಣಕಾಲಿಗೂ ಹಿತವಾಗಿದೆ. ಹಳೆಯ ಸುರಂಗವೊಂದನ್ನು ಮಾತ್ರ ಬಾವಲಿಗಳಿಗೆ ಬಿಟ್ಟುಕೊಟ್ಟಿದ್ದಾರೆ.

ಇನ್ನು ದಾರಿಯ ಮೇಲ್ಮೈ. ಆರಂಭದ ಭಾಗಕ್ಕೆ ಡಾಂಬರಿದೆ. ಅಣೆಕಟ್ಟುಗಳ ಕಡೆಗೆ ಹೋದಂತೆ ಒತ್ತಿ ಕೂರಿಸಿದ ಜಲ್ಲಿ ಸಿಗುತ್ತದೆ. ನಾನು ಒಂದು ಕಡೆ ಸೈಕಲ್ಲು ನಿಲ್ಲಿಸಿ, ಕುಕ್ಕರಗಾಲಲ್ಲಿ ಕುಳಿತು ನೋಡಿದೆ. ಸವೆದ ಅಂಚಿನಲ್ಲಿ ಕೆಳಗಿನ ದಪ್ಪ ಜಲ್ಲಿ ಕಾಣುತ್ತಿತ್ತು. ಅದರ ಮೇಲೆ ಸಣ್ಣ ಜಲ್ಲಿ, ಸಂದುಗಳಲ್ಲಿ ಕಲ್ಲಿನ ಪುಡಿ ಇಳಿದು ಎಲ್ಲವೂ ಒಂದಾಗಿ ಬಿಗಿದುಕೊಂಡಿದ್ದವು. ನೀವು ನೀರು ಹೊಡೆಸಿ, ರೋಲರ್ ಓಡಿಸಿ ಮಾಡಿಸುತ್ತಿದ್ದ ಮೆಟ್ಲಿಂಗ್ ಕೆಲಸ ಕಣ್ಣಿಗೆ ಕಟ್ಟಿತು. ಈ ಕಣಿವೆಯಲ್ಲಿ ವರ್ಷಕ್ಕೆ ಸುಮಾರು 1,830 ಮಿ.ಮೀ. ಮಳೆ ಬೀಳುತ್ತದೆ, ನಮ್ಮ ಚಿಕ್ಕಬಳ್ಳಾಪುರದ ಮಳೆಗಿಂತ ಎರಡು ಪಟ್ಟಿಗೂ ಹೆಚ್ಚು. ಆದರೂ ದಾರಿ ಕೊಚ್ಚಿಹೋಗದಿರುವುದಕ್ಕೆ ಕಾರಣ ಜಲ್ಲಿಯಲ್ಲ, ನೀರಿಗೆ ಮಾಡಿಕೊಟ್ಟ ದಾರಿ. ನೀರು ಬದಿಗೆ ಇಳಿಯಲೆಂದು ನಡುವೆ ತುಸು ಉಬ್ಬು (ನೀವು ಹೇಳುವ ಕ್ಯಾಂಬರ್), ಗುಡ್ಡದ ಬದಿಗೆ ಕಾಲುವೆ, ಹಳ್ಳ ಬರುವಲ್ಲೆಲ್ಲ ಮೋರಿ. ಕಾಲುವೆಯಲ್ಲಿ ಬಿದ್ದ ಎಲೆ, ಮಣ್ಣನ್ನು ಯಾರೋ ಆಗಾಗ ತೆಗೆಯುತ್ತಿರುವುದು ಗುದ್ದಲಿಯ ಗುರುತಿನಿಂದಲೇ ತಿಳಿಯುತ್ತಿತ್ತು. ಕ್ಯಾಂಬರ್ ಕೊಡದ ರಸ್ತೆ ಒಂದೇ ಮಳೆಗಾಲದ ರಸ್ತೆ ಎಂದು ನೀವು ಗುತ್ತಿಗೆದಾರರೊಂದಿಗೆ ವಾದಿಸುತ್ತಿದ್ದುದು ಎಷ್ಟು ನಿಜ ಎಂಬುದನ್ನು ನಾನು ಅಲ್ಲಿ ಕಣ್ಣಾರೆ ಕಂಡೆ.

ಇಂಥ ದಾರಿಗಳಿಗೆಂದೇ ಇಲ್ಲಿ ಜನ ಬೇರೆ ಬಗೆಯ ಸೈಕಲ್ಲು ಇಟ್ಟುಕೊಳ್ಳುತ್ತಾರೆ. ರೇಸಿನ ಸೈಕಲ್ಲಿನಂತೆ ಬಾಗಿದ ಹ್ಯಾಂಡಲ್ಲು, ಆದರೆ ಟೈರು ಮಾತ್ರ ಸುಮಾರು 40 ಮಿ.ಮೀ. ಅಗಲ. ಗಾಳಿಯನ್ನು ಕಡಿಮೆ ತುಂಬಿಸುವುದರಿಂದ ಟೈರು ಕಲ್ಲಿನ ಮೇಲೆ ಪುಟಿಯದೆ ಕಲ್ಲನ್ನು ಹಿಡಿದುಕೊಂಡು ಉರುಳುತ್ತದೆ. ಹಾಗೆಂದು ಅಂಥದೇ ಬೇಕೆಂದೇನೂ ಇಲ್ಲ. ನಮ್ಮ ಹಳೆಯ ಅಟ್ಲಾಸ್ ಸೈಕಲ್ಲು ಕೂಡ ಈ ದಾರಿಯಲ್ಲಿ ಸುಖವಾಗಿ ಹೋಗುತ್ತದೆ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ.

ದಾರಿಯಲ್ಲಿ ನಡೆದುಕೊಳ್ಳುವ ರೀತಿಯೂ ನನಗೆ ಮೆಚ್ಚಿಗೆಯಾಯಿತು. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಕುದುರೆ ಸವಾರರಿಗೆಂದು ಇರುವ ಹಳೆಯ ಹಾದಿಗಳಲ್ಲಿ ಸೈಕಲ್ಲಿಗೆ ಹಕ್ಕು ಸಿಕ್ಕಿದ್ದು 1968ರ ಕಾಯಿದೆಯಿಂದ. ಆದರೆ ನಡೆಯುವವರಿಗೂ ಕುದುರೆಗಳಿಗೂ ಸೈಕಲ್ಲಿನವರೇ ದಾರಿ ಬಿಡಬೇಕು ಎಂದು ಅದೇ ಕಾಯಿದೆ ಹೇಳುತ್ತದೆ. ತೆರೆದಿರುವ ಗೇಟನ್ನು ತೆರೆದಂತೆಯೇ, ಮುಚ್ಚಿರುವುದನ್ನು ಮುಚ್ಚಿಯೇ ಹೋಗಬೇಕು, ಏಕೆಂದರೆ ಕುರಿ ಸಾಕುವವರ ಬದುಕು ಆ ಗೇಟಿನ ಮೇಲೆ ನಿಂತಿದೆ.

ಕೆರೆಗಳ ಚೆಲುವನ್ನು ನೋಡುವಾಗ ಒಂದು ಸಂಕಟವೂ ಆಗುತ್ತದೆ. ಈ ನೀರಿನಡಿಯಲ್ಲಿ 18 ಹೊಲಮನೆಗಳು, ಒಂದು ಶಾಲೆ, ಒಂದು ಚರ್ಚು ಮುಳುಗಿವೆ. ಸುಮಾರು ನೂರು ಜನ ಊರು ಬಿಟ್ಟರು. ಪರಿಹಾರ ಸಿಕ್ಕಿದ್ದು ಜಮೀನುದಾರರಿಗೆ ಮಾತ್ರ. ಇಲ್ಲಿನ ನೀರು 118 ಕಿ.ಮೀ. ದೂರದ ನಮ್ಮ ನಗರಕ್ಕೆ ಪಂಪಿಲ್ಲದೆ, 52 ಮೀಟರಿನ ಇಳುಕಲಿನ ಬಲದಿಂದಲೇ ಹರಿದು ಬರುತ್ತದೆ. ಅಂದರೆ 2,300 ಅಡಿಗೆ ಒಂದಡಿ ಇಳಿತ. ನಮ್ಮ ಮನೆಯ ನಲ್ಲಿ ತಿರುಗಿಸುವಾಗ ಆ ಶಾಲೆಯ ನೆನಪು ಬರದೆ ಇರುವುದಿಲ್ಲ.

ಅಪ್ಪ, ಇಷ್ಟೆಲ್ಲ ಬರೆದ ಉದ್ದೇಶವನ್ನು ಈಗ ಹೇಳುತ್ತೇನೆ. ಬೇರೆ ಕೆಲಸಕ್ಕೆಂದು ಮಾಡಿದ ನೆಲವನ್ನು ಕಾರುಗಳಿಗೆ ಬಿಟ್ಟುಕೊಡದೆ ಕಾಲಿಗೂ ಸೈಕಲ್ಲಿಗೂ ಉಳಿಸಿದ್ದಾರೆ ಎಂಬುದೇ ಎಲಾನ್ ದಾರಿಯ ದೊಡ್ಡತನ. ನಂದಿಬೆಟ್ಟದ ರಸ್ತೆಗೆ ಬೆಂಗಳೂರಿನಿಂದ ಸೈಕಲ್ಲಿನವರು ನಸುಕಿನಲ್ಲೇ ಬರುತ್ತಾರೆ, ವಾಹನಗಳು ಹೆಚ್ಚುವ ಮೊದಲೇ ಇಳಿದು ಹೋಗುತ್ತಾರೆ. ನಮ್ಮ ಮಕ್ಕಳಿಗೆ ಆ ಅನುಕೂಲವೂ ಇಲ್ಲ. ಶಾಲೆಯ ಹೊತ್ತೇ ಟಿಪ್ಪರುಗಳ ಹೊತ್ತು. ಆದರೆ ನಮಗೆ ಕೆರೆ ಏರಿ ಇದೆ. ಸಮತಟ್ಟಾಗಿ, ನೇರವಾಗಿ ಶಾಲೆಯ ಕಡೆಗೇ ಹೋಗುತ್ತದೆ. ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ನೀರು ನಮ್ಮ ಸೀಮೆಯ ಕೆರೆಗಳಿಗೆ ಬಂದ ಮೇಲಂತೂ ಏರಿಗಳ ಕಡೆ ಜನರ ಕಣ್ಣು ಮತ್ತೆ ಬಿದ್ದಿದೆ.

ಏರಿಯನ್ನು ಕಡಿಯುವುದಾಗಲಿ, ಅದರ ಮೇಲೆ ರೋಲರ್ ಅಥವಾ ಟ್ರ್ಯಾಕ್ಟರ್ ಹತ್ತಿಸುವುದಾಗಲಿ ಕೂಡದು ಎಂಬುದನ್ನು ನಿಮಗೆ ನಾನು ಹೇಳಬೇಕಿಲ್ಲ. ಜಾಲಿ ತೆಗೆದು, ಇಲಿ ಬಿಲಗಳನ್ನು ಮಣ್ಣಿನಿಂದ ಬಿಗಿಯಾಗಿ ಮುಚ್ಚಿ, ತೆಳುವಾಗಿ ಜಲ್ಲಿಪುಡಿ ಹರಡಿ ದಿಮ್ಮಸು ಹಾಕಿದರೆ ಸಾಕೆಂದು ನನಗೆ ತೋರುತ್ತದೆ. ನಿಜವಾದ ತೊಡಕು ಕೋಡಿಯ ಬಳಿ. ಕೋಡಿ ಬಿದ್ದಾಗ ಮಕ್ಕಳು ದಾಟಲಾರರು, ಅಲ್ಲಿ ಕಾಲುಸೇತುವೆ ಬೇಕಾಗುತ್ತದೆ, ಖರ್ಚೂ ಅಲ್ಲೇ. ಎರಡು ತುದಿಗಳಲ್ಲಿ ಕಲ್ಲುಕಂಬ ನೆಟ್ಟರೆ ಕಾರು, ಟ್ರ್ಯಾಕ್ಟರುಗಳು ನಿಲ್ಲುತ್ತವೆ. ಬೈಕುಗಳನ್ನು ಯಾವ ಕಂಬವೂ ತಡೆಯದು. ಊರಿನವರು ಒಟ್ಟಿಗೆ ಕುಳಿತು ಒಪ್ಪಿಕೊಂಡರೆ ಮಾತ್ರ ಅದು ಸಾಧ್ಯ.

ನೀವೂ ಅಣ್ಣನೂ ಒಂದು ಬೆಳಿಗ್ಗೆ ಟೇಪು ಹಿಡಿದು ಏರಿಯುದ್ದಕ್ಕೂ ನಡೆದು, ತೂಬು ಎಲ್ಲಿದೆ, ಎಲ್ಲಿ ಕುಸಿದಿದೆ, ಕೋಡಿಯ ಅಗಲವೆಷ್ಟು ಎಂದು ಬರೆದು ಕಳಿಸಿರಿ. ಅಚ್ಚುಕಟ್ಟು 40 ಹೆಕ್ಟೇರಿಗಿಂತ ಹೆಚ್ಚಿದ್ದರೆ ಸಣ್ಣ ನೀರಾವರಿ ಇಲಾಖೆಯನ್ನು ಕೇಳಬೇಕು, ಕಡಿಮೆಯಿದ್ದರೆ ಪಂಚಾಯಿತಿ ಕಡೆಯವರನ್ನು, ಅದನ್ನೂ ವಿಚಾರಿಸಿರಿ. ಅರ್ಜಿಯನ್ನು ನಾನು ಇಲ್ಲಿಂದಲೇ ಬರೆದು ಅಣ್ಣನ ಫೋನಿಗೆ ಕಳಿಸುತ್ತೇನೆ. ಕಾಲುಸೇತುವೆಗೆ ನಮ್ಮಿಬ್ಬರ ಪಾಲಿನ ಹಣವನ್ನು ಕೊಡುತ್ತೇವೆ.

ಅಮ್ಮನಿಗೆ ನಮಸ್ಕಾರ, ಮಕ್ಕಳಿಗೆ ಮುದ್ದು ತಿಳಿಸಿರಿ. ಸೈಕಲ್ಲಿನ ಚೈನಿಗೆ ಎಣ್ಣೆ ಬಿಟ್ಟು, ಟೈರಿಗೆ ಗಾಳಿ ಹೊಡೆಸಿಡಲು ಅಣ್ಣನಿಗೆ ಹೇಳಿರಿ.

ಇಂತಿ ತಮ್ಮ ಆಶೀರ್ವಾದ ಬೇಡುವ
ಮಗಳು